ಹೊಳೆ ದಾಟಿಸಿದ ಸೇನಾನಿ

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ನಮ್ಮಲ್ಲಿದೆ. ಮನುಷ್ಯನ ಕೃತಘ್ನತೆಯನ್ನು ಕುರಿತು ಹುಟ್ಟಿದ ಮಾತು ಅದು. ಆದರೆ ಚರಿತ್ರೆಯನ್ನು ಓದುವವರ ಪಾಲಿಗೆ ಅದೊಂದು ಎಚ್ಚರಿಕೆಯೂ ಹೌದು. ದಾಟಿದವರ ಕಥೆಯನ್ನು ಚರಿತ್ರೆ ಸವಿಸ್ತಾರವಾಗಿ ಹೇಳುತ್ತದೆ. ದಾಟಿಸಿದವನ ಹೆಸರು ಅಡಿಟಿಪ್ಪಣಿಗೆ ಇಳಿದುಬಿಡುತ್ತದೆ. ರಾಮಾಯಣದ ಕಪಿಸೇನೆಯಲ್ಲಿ ಹನುಮಂತನನ್ನು ಅರಿಯದವರಿಲ್ಲ. ಕಡಲಿಗೆ ಸೇತುವೆ ಕಟ್ಟಿದ ನಳನನ್ನು ನೆನೆಯುವವರು ಎಷ್ಟು ಮಂದಿ? ನೆಪೋಲಿಯನ್ನನ ಸೇನಾನಿಗಳ ಮಾತು ಬಂದಾಗಲೂ ಹೀಗೆಯೇ. ಮಾರ್ಷಲ್ ನೇ, ಮ್ಯುರಾ, ದಾವು, ಮಸೇನ ಎಂದು ಹೆಸರುಗಳು ನಾಲಗೆಯ ಮೇಲೆ ಬರುತ್ತವೆ. ಜ್ಯಾಂ ಬಾಪ್ತಿಸ್ತ್ ಎಬ್ಲೆ ಎಂಬ ಹೆಸರು ಬರುವುದಿಲ್ಲ. ಆದರೆ 1812ರ ನವೆಂಬರ್ ತಿಂಗಳ ಕೊನೆಯಲ್ಲಿ ಆ ಮಾರ್ಷಲ್ಲರೂ ಅವರ ಚಕ್ರವರ್ತಿಯೂ ರಷ್ಯದ ನೆಲದಲ್ಲಿ ಸೆರೆಯಾಗದೆ ಪಾರಾದದ್ದು ಈ ಮನುಷ್ಯನ ಮುಂದಾಲೋಚನೆಯಿಂದ. ಅವನ ಜೀವನವನ್ನು ಸ್ವಲ್ಪ ಸಾವಧಾನವಾಗಿ ನೋಡುವುದು ಇಂದಿನ ಭಾಷಣದ ಉದ್ದೇಶ.

ಎಬ್ಲೆ ಹುಟ್ಟಿದ್ದು 1758ರ ಡಿಸೆಂಬರ್ 21ರಂದು, ಫ್ರಾನ್ಸಿನ ಪೂರ್ವದ ಅಂಚಿನಲ್ಲಿರುವ ಲೊರೇನ್ ಪ್ರಾಂತದ ಸ್ಯಾಂ ಜ್ಯಾಂ ರೋರ್ಬಾಕ್ ಎಂಬ ಸಣ್ಣ ಊರಿನಲ್ಲಿ. ತಂದೆ ಫಿರಂಗಿ ದಳದಲ್ಲಿ ಸಾರ್ಜೆಂಟ್. ಕುಲವಿಲ್ಲ, ಆಸ್ತಿಯಿಲ್ಲ, ಒತ್ತಾಸೆಗೆ ನಿಲ್ಲುವ ಬಂಧುಗಳಿಲ್ಲ. ಇನ್ನೂ ಬಾಲಕನಾಗಿದ್ದಾಗಲೇ ಅವನ ಹೆಸರು ತಂದೆಯ ವೃತ್ತಿಯ ಪಟ್ಟಿಗೆ ಸೇರಿತು. ಬೇರೆ ಮಕ್ಕಳು ಗೋಲಿ ಆಡುವ ವಯಸ್ಸಿನಲ್ಲಿ ಅವನು ಫಿರಂಗಿಯ ಗುಂಡುಗಳ ನಡುವೆ ಬೆಳೆದ. ಆ ಕಾಲದ ಫ್ರಾನ್ಸಿನಲ್ಲಿ ಸೇನಾಧಿಕಾರ ಬಹುಮಟ್ಟಿಗೆ ಕುಲೀನರ ಸೊತ್ತು. ಆದರೆ ಫಿರಂಗಿ ದಳದಲ್ಲಿ ಒಂದು ಅನುಕೂಲವಿತ್ತು. ಕುದುರೆಯ ಮೇಲೆ ಠೀವಿಯಿಂದ ಕೂತು ಕತ್ತಿ ಬೀಸಿದರೆ ಅಲ್ಲಿ ಕೆಲಸ ಸಾಗುತ್ತಿರಲಿಲ್ಲ. ಲೋಹದ ಗುಣ, ಮರದ ಗುಣ, ಮದ್ದಿನ ತೂಕ, ಗಾಡಿಯ ಅಚ್ಚಿನ ಬಲ, ಇವನ್ನು ಬಲ್ಲವನು ಬೇಕಾಗಿತ್ತು. ಕಮ್ಮಾರನ, ಬಡಗಿಯ, ಗಣಿತಜ್ಞನ ವಿದ್ಯೆ ಒಂದೆಡೆ ಸೇರುವ ವೃತ್ತಿ ಅದು. ಆದ್ದರಿಂದಲೇ ಬಡವರ ಮಗನೊಬ್ಬ ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವುದು, ನಿಧಾನವಾಗಿಯಾದರೂ, ಸಾಧ್ಯವಿತ್ತು.

ಎಬ್ಲೆಯ ಏರಿಕೆ ನಿಧಾನವಾಗಿಯೇ ನಡೆಯಿತು. 1780ರ ದಶಕದ ನಡುವಿನಲ್ಲಿ ನೇಪಲ್ಸ್ ರಾಜ್ಯ ತನ್ನ ಫಿರಂಗಿ ದಳವನ್ನು ಫ್ರೆಂಚ್ ಮಾದರಿಯಲ್ಲಿ ಕಟ್ಟಿಕೊಡಬೇಕೆಂದು ಕೆಲವು ಅಧಿಕಾರಿಗಳನ್ನು ಕರೆಸಿಕೊಂಡಿತು. ಆ ತಂಡದಲ್ಲಿ ಎಬ್ಲೆಯೂ ಹೋದ. ಕ್ರಾಂತಿಯ ಫ್ರಾನ್ಸಿಗೂ ಯೂರೋಪಿನ ರಾಜರಿಗೂ ಯುದ್ಧ ಹತ್ತಿಕೊಂಡ ಮೇಲೆ, 1792ರಲ್ಲಿ ಸ್ವದೇಶಕ್ಕೆ ಮರಳಿದ. ಆಗ ಫ್ರಾನ್ಸಿನ ಸೇನೆಯ ಸ್ಥಿತಿ ವಿಚಿತ್ರವಾಗಿತ್ತು. ಕುಲೀನ ಅಧಿಕಾರಿಗಳಲ್ಲಿ ಅನೇಕರು ದೇಶ ಬಿಟ್ಟು ಓಡಿಹೋಗಿದ್ದರು. ಸೈನಿಕರ ಉತ್ಸಾಹ ಧಾರಾಳವಾಗಿತ್ತು. ಕೆಲಸ ಬಲ್ಲವರ ಕೊರತೆ ಅದಕ್ಕಿಂತ ಧಾರಾಳವಾಗಿತ್ತು. 1793ರ ಶರತ್ಕಾಲದಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ಎಬ್ಲೆ ಬ್ರಿಗೇಡಿನ ಜನರಲ್ಲನೂ ಅನಂತರ ಡಿವಿಜನ್ನಿನ ಜನರಲ್ಲನೂ ಆದ. ಆಗ ಅವನಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ಅಲ್ಲಿಂದ ಮುಂದಿನ ಹತ್ತೊಂಬತ್ತು ವರ್ಷ, ಸಾಯುವವರೆಗೂ, ಅವನು ಅದೇ ದರ್ಜೆಯಲ್ಲಿ ಉಳಿದ. ಅವನಿಗಿಂತ ಕಿರಿಯರಾದವರು ಮಾರ್ಷಲ್ಲರಾದರು, ಡ್ಯೂಕುಗಳಾದರು, ರಾಜರೂ ಆದರು. ಫಿರಂಗಿಯವನು ಫಿರಂಗಿಯ ಬಳಿಯೇ ನಿಂತ.

1794ರಲ್ಲಿ ಉತ್ತರದ ಸೇನೆ ಬೆಲ್ಜಿಯಂ ಹಾಗೂ ಹಾಲೆಂಡುಗಳತ್ತ ನುಗ್ಗಿದಾಗ ಮುತ್ತಿಗೆಯ ಮೇಲೆ ಮುತ್ತಿಗೆ ನಡೆಯಿತು. ಈಪ್ರ್, ನ್ಯೂಪೋರ್ಟ್, ನೈಮೇಗನ್ ಮೊದಲಾದ ಕೋಟೆಗಳ ಮುಂದೆ ಫಿರಂಗಿಗಳನ್ನು ಹೂಡಿಸಿದವನು ಎಬ್ಲೆ. ಅಲ್ಲಿಂದ ಮುಂದೆ ರೈನ್ ನದಿಯ ಸೇನೆಯಲ್ಲಿ ಮೊರೋ ಎಂಬ ಸೇನಾಪತಿಯ ಕೈಕೆಳಗೆ ಕೆಲಸ. ಹಾಲೆಂಡು ಕಾಲುವೆಗಳ ನಾಡು, ರೈನ್ ಮಹಾನದಿ. ಈ ವರ್ಷಗಳಲ್ಲಿ ನೀರು ಎಬ್ಲೆಯ ನಿತ್ಯದ ಸಂಗಾತಿಯಾಯಿತು. ಫ್ರೆಂಚ್ ಸೇನೆಯಲ್ಲಿ ಸೇತುವೆ ಕಟ್ಟುವವರ ಪ್ರತ್ಯೇಕ ಪಡೆ ರೂಪುಗೊಂಡದ್ದೂ ಈ ಕಾಲದಲ್ಲೇ. ಸ್ಟ್ರಾಸ್‌ಬರ್ಗಿನ ಸುತ್ತ ರೈನ್ ನದಿಯಲ್ಲಿ ದೋಣಿ ನಡೆಸುತ್ತಿದ್ದ ಅಂಬಿಗರನ್ನು ಕಲೆಹಾಕಿ ಮಾಡಿದ ಪಡೆ ಅದು. ಅವರಿಗೆ ಪೊಂತೊನಿಯೇ ಎಂದು ಹೆಸರು. ನಾವು ಸೇತುಭಟರು ಎನ್ನಬಹುದು. ಅವರು ಸೇರಿದ್ದು ಫಿರಂಗಿ ದಳಕ್ಕೆ. ಫಿರಂಗಿಯ ಸೇನಾನಿ ಸೇತುವೆಗಳ ಯಜಮಾನನೂ ಆದದ್ದು ಹೀಗೆ.

ನೆಪೋಲಿಯನ್ ಚಕ್ರವರ್ತಿಯಾದ ಮೇಲೆ ಎಬ್ಲೆಗೆ ಬಂದ ಕೆಲಸಗಳು ಗೌರವದವು, ಆದರೆ ಸದ್ದಿಲ್ಲದವು. 1806ರಲ್ಲಿ ಪ್ರಷ್ಯದ ಮಾಗ್ಡೆಬರ್ಗ್ ಕೋಟೆ ಶರಣಾದಾಗ ಅವನು ಅಲ್ಲಿನ ಗವರ್ನರಾದ. ಚಕ್ರವರ್ತಿಯ ತಮ್ಮ ಜೆರೋಮನಿಗಾಗಿ ವೆಸ್ಟ್‌ಫೇಲಿಯ ಎಂಬ ಹೊಸ ರಾಜ್ಯ ಸೃಷ್ಟಿಯಾದಾಗ, 1808ರಲ್ಲಿ ಅಲ್ಲಿನ ಯುದ್ಧಮಂತ್ರಿಯಾದ. ಅದೇ ವರ್ಷ ಬ್ಯಾರನ್ ಪದವಿಯೂ ಬಂತು. ಸಾರ್ಜೆಂಟನ ಮಗನಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಜೆರೋಮನ ಆಸ್ಥಾನ ವಿಲಾಸಕ್ಕೆ ಹೆಸರಾದದ್ದು. ಎಬ್ಲೆ ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. 1810ರಲ್ಲಿ ಅವನು ಮತ್ತೆ ರಣರಂಗದಲ್ಲಿದ್ದ. ಈ ಬಾರಿ ಪೋರ್ಚುಗಲ್ಲಿನಲ್ಲಿ, ಮಸೇನನ ಸೇನೆಯ ಫಿರಂಗಿಗಳ ಅಧಿಪತಿಯಾಗಿ.

ಪೋರ್ಚುಗಲ್ಲಿನ ಈ ಅಧ್ಯಾಯವನ್ನು ಚರಿತ್ರಕಾರರು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತಾರೆ. ನಾವು ಅಲ್ಲಿ ಸ್ವಲ್ಪ ನಿಲ್ಲಬೇಕು. ಸಿಯುದಾದ್ ರೊದ್ರಿಗೊ, ಅಲ್ಮೇಡ ಎಂಬ ಎರಡು ಗಡಿಕೋಟೆಗಳನ್ನು ಹಿಡಿದು ಮಸೇನ ಲಿಸ್ಬನ್ನಿನ ಕಡೆಗೆ ನಡೆದ. ಅಲ್ಲಿ ವೆಲಿಂಗ್ಟನ್ ಗುಡ್ಡದಿಂದ ಗುಡ್ಡಕ್ಕೆ ಕಟ್ಟಿಸಿದ್ದ ಟೋರೆಸ್ ವೆದ್ರಾಸ್ ರಕ್ಷಣಾಸಾಲು ಎದುರಾಯಿತು. ಮುಂದೆ ಹೋಗುವಂತಿಲ್ಲ, ಹಿಂದೆ ಸರಿಯಲು ಮನಸ್ಸಿಲ್ಲ. ಸೇನೆ ಸಾಂತರೇಂ ಸುತ್ತ ತಂಗಿತು. ಪಕ್ಕದಲ್ಲೇ ಟೇಗಸ್ ನದಿ. ಆಚೆಯ ದಡದಲ್ಲಿ ಧಾನ್ಯವಿತ್ತು, ಈಚೆಯ ದಡದಲ್ಲಿ ಹಸಿವಿತ್ತು, ನಡುವೆ ಸೇತುವೆಯಿರಲಿಲ್ಲ. ಸೇತುವೆ ಕಟ್ಟು ಎಂದು ಎಬ್ಲೆಗೆ ಆಜ್ಞೆಯಾಯಿತು. ದೋಣಿಗಳಿಲ್ಲ, ಹಗ್ಗವಿಲ್ಲ, ಮೊಳೆಯಿಲ್ಲ, ಕೊಡಲಿಯೂ ಇಲ್ಲ. ಎಬ್ಲೆ ಮೊದಲು ಹಳೆಯ ಕಬ್ಬಿಣವನ್ನು ಕೂಡಿಹಾಕಿ ಕಾಯಿಸಿ ಕೊಡಲಿ, ಗರಗಸ, ಸುತ್ತಿಗೆಗಳನ್ನು ಮಾಡಿಸಿದ. ಆ ಸಲಕರಣೆಗಳಿಂದ ಪಾಳುಮನೆಗಳ ತೊಲೆಗಳನ್ನು ಕೀಳಿಸಿದ. ಆ ತೊಲೆಗಳಿಂದ ದೋಣಿಗಳನ್ನು ಕಟ್ಟಿಸಿದ. ತಿಂಗಳುಗಟ್ಟಲೆ ದುಡಿದು ಸೇತುವೆಯ ಸಾಮಗ್ರಿ ಸಿದ್ಧವಾಗುವ ವೇಳೆಗೆ, 1811ರ ಮಾರ್ಚಿನಲ್ಲಿ, ಸೇನೆಯೇ ಹಿಮ್ಮೆಟ್ಟಲು ನಿರ್ಧರಿಸಿತು. ತನ್ನ ಕೈಯಾರೆ ಕಟ್ಟಿದ ದೋಣಿಗಳಿಗೆ ಬೆಂಕಿಯಿಡುವುದೊಂದೇ ಉಳಿದ ಕೆಲಸವಾಯಿತು.

ವ್ಯರ್ಥವಾದ ಕೆಲಸ ಎಂದು ನಾವು ಹೇಳಬಹುದು. ಆದರೆ ವಿದ್ಯೆ ವ್ಯರ್ಥವಾಗುವುದಿಲ್ಲ. ಸೇತುವೆಯ ಮೂಲ ಮರದಲ್ಲಿಲ್ಲ, ಸಲಕರಣೆಯಲ್ಲಿದೆ. ಮರ ಎಲ್ಲಿಯಾದರೂ ಸಿಕ್ಕೀತು, ಕೊಡಲಿಯೂ ಮೊಳೆಯೂ ಸಿಕ್ಕಲಾರವು ಎಂಬ ಪಾಠವನ್ನು ಟೇಗಸ್ ನದಿಯ ದಡ ಕಲಿಸಿತ್ತು. ಆ ಪಾಠದ ಬೆಲೆ ತಿಳಿದದ್ದು ಒಂದೂಮುಕ್ಕಾಲು ವರ್ಷದ ಅನಂತರ, ಯೂರೋಪಿನ ಇನ್ನೊಂದು ತುದಿಯಲ್ಲಿ.

1812ರಲ್ಲಿ ನೆಪೋಲಿಯನ್ ರಷ್ಯದ ಮೇಲೆ ದಂಡೆತ್ತಿದಾಗ ಮಹಾಸೇನೆಯ ಸೇತುವೆಗಳ ಹೊಣೆ ಎಬ್ಲೆಯದಾಯಿತು. ಜೂನ್ 23ರ ರಾತ್ರಿ ಅವನ ಸೇತುಭಟರು ಕೋವ್ನೊ ಪಟ್ಟಣದ ಬಳಿ ನೀಮನ್ ನದಿಗೆ ಮೂರು ದೋಣಿಸೇತುವೆಗಳನ್ನು ಹಾಸಿದರು. ಮರುದಿನದಿಂದ ಸೇನೆ ದಾಟತೊಡಗಿತು. ಫ್ರೆಂಚರಲ್ಲದೆ ಪೋಲಿಷರು, ಜರ್ಮನರು, ಇಟಾಲಿಯನ್ನರು, ಸ್ವಿಸ್ಸರು, ಡಚ್ಚರು ಆ ಸೇನೆಯಲ್ಲಿದ್ದರು. ಆ ಬೇಸಗೆಯ ದಾಟು ಒಂದು ಉತ್ಸವದಂತಿತ್ತು. ಸೆಪ್ಟೆಂಬರ್ 7ರಂದು ಬೊರೊಡಿನೊ ಕದನ; 14ರಂದು ಮಾಸ್ಕೋ ಪ್ರವೇಶ; ಅನಂತರ ಊರಿಗೆ ಬೆಂಕಿ. ಸಂಧಿಗಾಗಿ ಐದು ವಾರ ಕಾದು, ಅಕ್ಟೋಬರ್ 19ರಂದು ನೆಪೋಲಿಯನ್ ಹಿಂದಕ್ಕೆ ಹೊರಟ. ಹಸಿವು, ಹಿಮ, ಕಸಾಕರ ದಾಳಿ, ಇವುಗಳ ಕಥೆ ಎಲ್ಲರಿಗೂ ತಿಳಿದದ್ದು. ನವೆಂಬರ್ ತಿಂಗಳ ಮೂರನೆಯ ವಾರ ನೀಪರ್ ನದಿಯ ತೀರದ ಓರ್ಶಾ ಪಟ್ಟಣವನ್ನು ಸೇನೆ ಮುಟ್ಟಿದಾಗ ಅದು ಹೆಸರಿಗೆ ಮಾತ್ರ ಸೇನೆಯಾಗಿತ್ತು.

ಓರ್ಶಾದಲ್ಲಿ ಸೇತುವೆಯ ದೋಣಿಗಳನ್ನು ಹೊತ್ತ ಗಾಡಿಗಳು ಇನ್ನೂ ಇದ್ದವು. ಅವನ್ನು ಎಳೆಯುವ ಕುದುರೆಗಳೂ ಇದ್ದವು. ಆದರೆ ಫಿರಂಗಿಗಳನ್ನು ಎಳೆಯಲು ಕುದುರೆಗಳಿರಲಿಲ್ಲ. ನೆಪೋಲಿಯನ್ ಲೆಕ್ಕ ಹಾಕಿದ: ಮುಂದಿನ ಬೆರೆಜಿನಾ ನದಿಗೆ ಬೊರಿಸೊವ್ ಪಟ್ಟಣದಲ್ಲಿ ಸೇತುವೆ ಇದೆ, ಅದು ನಮ್ಮ ಕೈಯಲ್ಲೇ ಇದೆ, ಚಳಿಗೆ ನದಿಯೇ ಹೆಪ್ಪುಗಟ್ಟಿದರೂ ಗಟ್ಟೀತು, ಈ ದೋಣಿಗಳ ಭಾರವೇಕೆ? ಎಲ್ಲವನ್ನೂ ಸುಟ್ಟು ಕುದುರೆಗಳನ್ನು ಫಿರಂಗಿಗೆ ಹೂಡಿ ಎಂದು ಆಜ್ಞೆ ಮಾಡಿದ. ಎಬ್ಲೆ ಬೇಡಿಕೊಂಡ. ಎಲ್ಲವನ್ನೂ ಬೇಡ, ಹದಿನೈದು ದೋಣಿಗಳನ್ನಾದರೂ ಉಳಿಸಲು ಅಪ್ಪಣೆಯಾಗಲಿ ಎಂದ. ಅಪ್ಪಣೆಯಾಗಲಿಲ್ಲ. ದೋಣಿಗಳು ಉರಿದುಹೋದವು. ಆದರೆ ಎಬ್ಲೆ ಮೊಳೆ, ಕಬ್ಬಿಣದ ಕೊಂಡಿ, ಕೊಡಲಿ, ಸುತ್ತಿಗೆಗಳಿದ್ದ ಆರು ಗಾಡಿಗಳನ್ನು, ಎರಡು ಸಂಚಾರಿ ಕುಲುಮೆಗಳನ್ನು, ಎರಡು ಗಾಡಿ ಇದ್ದಿಲನ್ನು ಉಳಿಸಿಕೊಂಡ. ಅದು ಸಾಲದೆಂದು ಪ್ರತಿಯೊಬ್ಬ ಸೇತುಭಟನೂ ಒಂದು ಸಲಕರಣೆಯನ್ನೂ ಒಂದಷ್ಟು ಮೊಳೆಗಳನ್ನೂ ಮೈಮೇಲೆ ಹೊತ್ತು ನಡೆಯಬೇಕೆಂದು ವಿಧಿಸಿದ.

ಇದರ ತೂಕವನ್ನು ನಾವು ಸರಿಯಾಗಿ ತಿಳಿಯಬೇಕು. ಆ ದಾರಿಯಲ್ಲಿ ಸೈನಿಕರು ಬಂದೂಕಗಳನ್ನು ಎಸೆಯುತ್ತಿದ್ದರು. ಮಾಸ್ಕೋದಿಂದ ಹೊತ್ತು ತಂದ ಬೆಳ್ಳಿಯನ್ನೂ ರೇಷ್ಮೆಯನ್ನೂ ಹಿಮದಲ್ಲಿ ಚೆಲ್ಲುತ್ತಿದ್ದರು. ಗಾಯಾಳುಗಳನ್ನು ರಸ್ತೆಯ ಬದಿಯಲ್ಲಿ ಬಿಟ್ಟು ನಡೆಯುತ್ತಿದ್ದರು. ಇಂಥ ಮೆರವಣಿಗೆಯ ನಡುವೆ ನಾನೂರು ಮಂದಿ, ಹಸಿದವರು, ಕಬ್ಬಿಣ ಹೊತ್ತು ನಡೆಯುತ್ತಿದ್ದಾರೆ. ಯಾವಾಗ ಬೇಕಾಗುವುದೋ, ಬೇಕಾಗುವುದೋ ಇಲ್ಲವೋ ತಿಳಿಯದ ಕಬ್ಬಿಣ. ಹೊರುವುದೇಕೆಂದು ಕೇಳದೆ ಹೊತ್ತರು ಎಂದರೆ, ಹೊರಿಸಿದವನಲ್ಲಿ ಅವರಿಗಿದ್ದ ನಂಬಿಕೆಯನ್ನು ನಾವು ಊಹಿಸಿಕೊಳ್ಳಬಹುದು.

ದೋಣಿಗಳು ಸುಟ್ಟು ಬೂದಿಯಾಗುತ್ತಿದ್ದಂತೆಯೇ ನೆಪೋಲಿಯನ್ನನ ಲೆಕ್ಕ ತಪ್ಪಿತು. ದಕ್ಷಿಣದಿಂದ ಬಂದ ರಷ್ಯನ್ ಸೇನಾಪತಿ ಚಿಚಗೋವ್ ನವೆಂಬರ್ 21ರಂದು ಬೊರಿಸೊವನ್ನು ಹಿಡಿದ. ಎರಡು ದಿನಗಳ ಮೇಲೆ ಮಾರ್ಷಲ್ ಊದಿನೊ ಊರನ್ನು ಮತ್ತೆ ಗೆದ್ದನಾದರೂ ರಷ್ಯನ್ನರು ಹಿಮ್ಮೆಟ್ಟುವಾಗ ಸೇತುವೆಯನ್ನು ಸುಟ್ಟುಹಾಕಿದರು. ಉತ್ತರದಿಂದ ವಿಟ್‌ಗೆನ್‌ಸ್ಟೈನ್ ಬರುತ್ತಿದ್ದ; ಬೆನ್ನ ಹಿಂದೆ ಕುಟುಜೋವ್. ಎದುರಿನ ದಡದಲ್ಲಿ ಚಿಚಗೋವ್. ಹೆಪ್ಪುಗಟ್ಟಬೇಕಾಗಿದ್ದ ನದಿ, ಆ ವಾರದ ಸ್ವಲ್ಪ ಬಿಸುಪಿಗೆ ಕರಗಿ, ಹಿಮದ ಗಡ್ಡೆಗಳನ್ನು ತೇಲಿಸಿಕೊಂಡು ಹರಿಯುತ್ತಿತ್ತು. ಚಳಿಗಾಲ ನೆಪೋಲಿಯನ್ನನಿಗೆ ಎರಡು ಬಗೆಯಲ್ಲಿ ಮುನಿಯಿತು: ಹಿಮ ಬೇಡವಾದಾಗ ಸುರಿಯಿತು, ಬೇಕಾದಾಗ ಕರಗಿತು.

ಅದೃಷ್ಟದ ಒಂದು ಎಳೆ ಮಾತ್ರ ಉಳಿದಿತ್ತು. ಕೊರ್ಬಿನೋ ಎಂಬ ಅಶ್ವದಳದ ಅಧಿಕಾರಿ ಬೊರಿಸೊವಿನ ಉತ್ತರಕ್ಕೆ ಸ್ಟುಡಿಯಾಂಕಾ ಎಂಬ ಹಳ್ಳಿಯ ಬಳಿ ಒಂದು ಕಾಲ್ದಾಟನ್ನು ಕಂಡುಹಿಡಿದಿದ್ದ. ನದಿಯ ಕಡೆಯಿಂದ ಒದ್ದೆ ಕುದುರೆಯ ಮೇಲೆ ಬಂದ ರೈತನೊಬ್ಬ ಅದನ್ನು ತೋರಿದನೆಂದು ಹೇಳುತ್ತಾರೆ. ನೆಪೋಲಿಯನ್ ಬೊರಿಸೊವಿನ ದಕ್ಷಿಣದಲ್ಲಿ ದಾಟುವ ಸೋಗು ಹಾಕಿ ಚಿಚಗೋವನನ್ನು ಆ ಕಡೆಗೆ ಸೆಳೆದ. ನವೆಂಬರ್ 25ರ ಸಂಜೆ ಎಬ್ಲೆಯ ಗಾಡಿಗಳು ಸ್ಟುಡಿಯಾಂಕಾ ತಲುಪಿದವು. ಊದಿನೊನ ಸೈನಿಕರು ಅಷ್ಟರಲ್ಲೇ ಕೆಲವು ಮರದ ಚೌಕಟ್ಟುಗಳನ್ನು ಮಾಡಿಟ್ಟಿದ್ದರು. ಅವು ತೀರ ದುರ್ಬಲವಾಗಿದ್ದವು. ಎಬ್ಲೆ ಅವನ್ನು ಬದಿಗಿರಿಸಿ ಮೊದಲಿನಿಂದ ಪ್ರಾರಂಭಿಸಿದ.

ಆ ಹಳ್ಳಿಯ ಮನೆಗಳೆಲ್ಲ ಮರದವು. ರಾತ್ರಿಯಿಡೀ ಅವನ್ನು ಕಳಚಿದರು. ಗೋಡೆಯ ದಿಮ್ಮಿಗಳು ಸೇತುವೆಯ ಕಾಲುಗಳಾದವು. ಸೂರಿನ ಹಲಗೆಗಳು ಸೇತುವೆಯ ಹಾಸು ಆದವು. ಎರಡು ಕುಲುಮೆಗಳು ಉರಿದವು. ಗಾಡಿಚಕ್ರಗಳ ಕಬ್ಬಿಣದ ಪಟ್ಟಿಗಳು ಕೆಂಪಗೆ ಕಾದು ಕೊಂಡಿಗಳಾದವು. ನವೆಂಬರ್ 26ರ ಬೆಳಿಗ್ಗೆ ಎಂಟು ಗಂಟೆಗೆ ಮೊದಲ ಚೌಕಟ್ಟನ್ನು ನೀರಿಗಿಳಿಸಿದರು. ಒಂದೊಂದು ಸೇತುವೆಗೂ ಅಂಥ ಇಪ್ಪತ್ತಮೂರು ಚೌಕಟ್ಟುಗಳು. ನದಿಯ ಅಗಲ ಸುಮಾರು 100 ಮೀಟರು. ಆಳ ಕೆಲವೆಡೆ ಎರಡು ಮೀಟರಿನಷ್ಟು. ತಳವೆಲ್ಲ ಕೆಸರು. ಚೌಕಟ್ಟುಗಳನ್ನು ನಿಲ್ಲಿಸಲು ಮನುಷ್ಯರು ನೀರಿನಲ್ಲಿ ನಿಲ್ಲಲೇಬೇಕು. ಕಂಕುಳವರೆಗೆ ಮಂಜಿನ ನೀರು. ತೇಲಿಬರುವ ಹಿಮದ ಗಡ್ಡೆಗಳು ಮೈಗೆ ಬಡಿಯುತ್ತಿದ್ದವು. ಮೈ ಕಾಯಿಸಲು ಒಂದು ಗುಟುಕು ಮದ್ಯವೂ ಇರಲಿಲ್ಲ. ಕೆಲವರು ಸುಮ್ಮನೆ ಕೈಬಿಟ್ಟು ಪ್ರವಾಹದಲ್ಲಿ ಹೋದರು. ಅವರ ಜಾಗಕ್ಕೆ ಬೇರೆಯವರು ಇಳಿದರು. ಇವರೆಲ್ಲರೂ ಫ್ರೆಂಚರಲ್ಲ, ಬೆಂತಿಯನ್ ಎಂಬ ಕ್ಯಾಪ್ಟನ್ನನ ಕೈಕೆಳಗಿನ ಡಚ್ಚರೂ ಅದರಲ್ಲಿದ್ದರು. ಐವತ್ತನಾಲ್ಕು ವರ್ಷ ತುಂಬಲು ತಿಂಗಳೂ ಉಳಿದಿರದ ಎಬ್ಲೆ ತಾನೂ ಅವರೊಡನೆ ನೀರಿಗಿಳಿದನೆಂದು ಹೇಳುತ್ತಾರೆ.

ಮಧ್ಯಾಹ್ನ ಒಂದು ಗಂಟೆಗೆ ಮೊದಲ ಸೇತುವೆ ಮುಗಿಯಿತು. ಅದು ಕಾಲಾಳುಗಳಿಗೂ ಸವಾರರಿಗೂ. ಸಂಜೆ ನಾಲ್ಕಕ್ಕೆ ಎರಡನೆಯದು. ಅದು ಫಿರಂಗಿಗೂ ಗಾಡಿಗೂ. ಈ ಎರಡನೆಯ ಸೇತುವೆ ಮೂರು ಬಾರಿ ಕುಸಿಯಿತು. ಅದೇ ರಾತ್ರಿ ಎಂಟಕ್ಕೆ ಮೂರು ಚೌಕಟ್ಟುಗಳು ಕೆಸರಿನಲ್ಲಿ ಹೂತುಹೋದವು. ಸೇತುಭಟರನ್ನು ಎಬ್ಲೆ ಎರಡು ಪಾಳಿಗಳಾಗಿ ವಿಂಗಡಿಸಿದ್ದ. ಒಂದು ಪಾಳಿ ಬೆಂಕಿಯ ಬಳಿಯಿಂದೆದ್ದು ಬಂದು ಹನ್ನೊಂದಕ್ಕೆ ಸರಿಪಡಿಸಿತು. ನಡುರಾತ್ರಿ ಕಳೆದು ಎರಡು ಗಂಟೆಗೆ, ನದಿಯ ಅತ್ಯಂತ ಆಳದ ಜಾಗದಲ್ಲಿ, ಮತ್ತೆ ಕುಸಿಯಿತು. ಎರಡನೆಯ ಪಾಳಿ ಎದ್ದಿತು. ಬೆಳಗಿನ ಆರರವರೆಗೆ ದುಡಿಯಿತು. 27ರ ಸಂಜೆ ನಾಲ್ಕಕ್ಕೆ ಮೂರನೆಯ ಬಾರಿ. ಆರಕ್ಕೆ ಮತ್ತೆ ಸಿದ್ಧ. ಹೀಗೆ ಕರೆದಾಗಲೆಲ್ಲ, ಅರೆನಿದ್ದೆಯಿಂದೆದ್ದು, ಒಣಗದ ಬಟ್ಟೆಯಲ್ಲೇ ಮತ್ತೆ ಆ ನೀರಿಗೆ ಇಳಿದರಲ್ಲ, ಅವರನ್ನು ಇಳಿಸಿದ ಶಕ್ತಿ ಯಾವುದು? ದಂಡನೆಯ ಭಯವಲ್ಲ, ಏಕೆಂದರೆ ಆ ಸೇನೆಯಲ್ಲಿ ದಂಡಿಸುವವರೇ ಉಳಿದಿರಲಿಲ್ಲ. ಬಹುಮಾನದ ಆಸೆಯಲ್ಲ, ಏಕೆಂದರೆ ಬದುಕುವ ಆಸೆಯನ್ನೇ ಅವರು ನೀರಿನಲ್ಲಿ ಬಿಟ್ಟಿದ್ದರು. ತಮಗಿಂತ ಇಮ್ಮಡಿ ವಯಸ್ಸಾದವನೊಬ್ಬ ಮೂರು ದಿನ ಮಲಗದೆ ದಡದ ಮೇಲೆ ನಿಂತಿದ್ದ ಎಂಬುದಷ್ಟೇ ನಮಗೆ ಕಾಣುವ ಕಾರಣ.

27ರ ಮಧ್ಯಾಹ್ನ ನೆಪೋಲಿಯನ್ ತನ್ನ ರಕ್ಷಕದಳದೊಡನೆ ದಾಟಿದ. ಆಚೆಯ ದಡದಿಂದ ಜೆಂಬಿನ್ ಎಂಬಲ್ಲಿಗೆ ಹೋಗುವ ದಾರಿ ಜೌಗಿನ ಮೇಲೆ ಕಟ್ಟಿದ ಮರದ ಸೇತುವೆಗಳ ದಾರಿ. ರಷ್ಯನ್ನರು ಅದನ್ನು ಸುಡಲು ಮರೆತಿದ್ದರು. ಸುಟ್ಟಿದ್ದರೆ ಎಬ್ಲೆಯ ಶ್ರಮವೆಲ್ಲ ನೀರುಪಾಲಾಗುತ್ತಿತ್ತು. 28ರಂದು ಎರಡು ದಡಗಳಲ್ಲೂ ಕದನ. ಬಲದಂಡೆಯಲ್ಲಿ ಊದಿನೊನೂ ಅವನು ಗಾಯಗೊಂಡ ಮೇಲೆ ನೇಯೂ ಚಿಚಗೋವನನ್ನು ತಡೆದರು. ಎಡದಂಡೆಯಲ್ಲಿ ಮಾರ್ಷಲ್ ವಿಕ್ಟರ್ ವಿಟ್‌ಗೆನ್‌ಸ್ಟೈನನ ಎದುರು ದಿನವಿಡೀ ನಿಂತ.

ಇಷ್ಟು ಹೇಳಿದರೆ ಕಥೆಯ ಅರ್ಧ ಹೇಳಿದಂತೆ. ಉಳಿದರ್ಧ ಎಡದಂಡೆಯ ಜನರದು. ಶಿಸ್ತಿನಲ್ಲಿ ಉಳಿದಿದ್ದ ಸೈನಿಕರಷ್ಟೇ ಸಂಖ್ಯೆಯಲ್ಲಿ ಆಯುಧ ಕಳೆದುಕೊಂಡ ಅಲೆಮಾರಿಗಳಿದ್ದರು. ಗಾಯಾಳುಗಳು, ಸಾಮಾನಿನ ಗಾಡಿಗಳವರು, ಮಾಸ್ಕೋದಲ್ಲಿ ನೆಲೆಸಿದ್ದು ಸೇನೆಯ ಹಿಂದೆ ಹೊರಟ ಕುಟುಂಬಗಳು, ಹೆಂಗಸರು, ಮಕ್ಕಳು. 27ರ ರಾತ್ರಿ ಸೇತುವೆಗಳು ಬಹುಪಾಲು ಬರಿದಾಗಿದ್ದವು. ಬನ್ನಿ, ದಾಟಿ ಎಂದು ಕರೆದರೂ ಅವರು ಬರಲಿಲ್ಲ. ಹಳ್ಳಿಯ ಬಳಿ ಬೆಂಕಿ ಹಾಕಿಕೊಂಡು, ಕುದುರೆಯ ಮಾಂಸ ಸುಟ್ಟುಕೊಂಡು ಕೂತಿದ್ದರು. ಆಚೆಯ ದಡದಲ್ಲಿ ಬೆಂಕಿಯಿಲ್ಲ, ಕತ್ತಲೆ; ಈಚೆಯ ದಡದಲ್ಲಿ ಈ ರಾತ್ರಿಯ ಮಟ್ಟಿಗೆ ಬೆಚ್ಚಗಿದೆ. ನಾಳೆ ದಾಟಿದರಾಯಿತು ಎಂಬುದು ಸೋತ ಮನಸ್ಸಿನ ತರ್ಕ. ಮರುದಿನ ರಷ್ಯನ್ ಗುಂಡುಗಳು ಆ ಗುಂಪಿನ ನಡುವೆ ಬಿದ್ದಾಗ ಎಲ್ಲರೂ ಒಮ್ಮೆಲೇ ಸೇತುವೆಗೆ ನುಗ್ಗಿದರು. ಬಿದ್ದವರನ್ನು ತುಳಿದು, ಗಾಡಿಗಳಿಗೆ ಗಾಡಿಗಳು ಸಿಕ್ಕಿ, ಅಂಚಿನವರು ನೀರಿಗೆ ಬಿದ್ದು ನಡೆದ ಅನಾಹುತವನ್ನು ಬದುಕಿ ಉಳಿದ ಅನೇಕರು ಬರೆದಿಟ್ಟಿದ್ದಾರೆ. ಸೇತುವೆಯ ಬಾಯಲ್ಲಿ ಸತ್ತ ಕುದುರೆಗಳೂ ಮನುಷ್ಯರೂ ಮುರಿದ ಗಾಡಿಗಳೂ ಸೇರಿ ಒಂದು ದಿಣ್ಣೆಯೇ ಆಯಿತು. ಅಂದು ರಾತ್ರಿ ವಿಕ್ಟರನ ಪಡೆ ದಾಟಲೆಂದು ಎಬ್ಲೆಯ ಭಟರು ಆ ದಿಣ್ಣೆಯನ್ನು ಸೀಳಿ ಕಂದಕದಂಥ ದಾರಿ ತೆಗೆಯಬೇಕಾಯಿತು. ನದಿಯಲ್ಲಿ ದುಡಿದ ಕೈಗಳಿಗೆ ಇದು ಕೊನೆಯ ಕೆಲಸ.

ಕೊನೆಯದಲ್ಲ, ಅದರ ಮುಂದೆ ಇನ್ನೊಂದಿತ್ತು. ವಿಕ್ಟರನ ಪಡೆ ದಾಟಿದ ಮೇಲೆ, 29ರ ಬೆಳಿಗ್ಗೆ ಏಳಕ್ಕೆ ಸೇತುವೆಗಳನ್ನು ಸುಡಬೇಕೆಂದು ಆಜ್ಞೆಯಾಗಿತ್ತು. ಆ ರಾತ್ರಿ ಸೇತುವೆ ಮತ್ತೆ ಬಿಡುವಾಯಿತು. ಎಬ್ಲೆ ಬೆಂಕಿಗಳ ಬಳಿಗೆ ಹೋಗಿ ಏಳಿ, ದಾಟಿ, ಬೆಳಗಾದರೆ ಸೇತುವೆಯಿರುವುದಿಲ್ಲ ಎಂದು ಎಚ್ಚರಿಸಿದ. ಕೆಲವರು ಎದ್ದರು. ಬಹುಮಂದಿ ಏಳಲಿಲ್ಲ. ಬೆಳಗಾಯಿತು. ಏಳು ಗಂಟೆಯಾಯಿತು. ಎಬ್ಲೆ ಬೆಂಕಿ ಹಚ್ಚಿಸಲಿಲ್ಲ. ಆಜ್ಞೆ ಸ್ಪಷ್ಟವಾಗಿತ್ತು, ರಷ್ಯನ್ನರು ಸಮೀಪಿಸುತ್ತಿದ್ದರು, ಸೇತುವೆ ಶತ್ರುವಿನ ಕೈಗೆ ಸಿಕ್ಕರೆ ಈ ಎಲ್ಲ ಸಾವುಗಳೂ ವ್ಯರ್ಥ. ಆದರೆ ಎದುರು ದಡದಲ್ಲಿ ಸಾವಿರಗಟ್ಟಲೆ ಜನ. ಎಬ್ಲೆ ಕಾದ. ಎಂಟೂವರೆಯವರೆಗೆ ಕಾದ. ಆ ಒಂದೂವರೆ ಗಂಟೆಯಲ್ಲಿ ಎಷ್ಟು ಜನ ದಾಟಿದರೆಂದು ಯಾರೂ ಎಣಿಸಿಡಲಿಲ್ಲ. ಆಮೇಲೆ ತಾನು ಕಟ್ಟಿದ ಸೇತುವೆಗೆ ತಾನೇ ಬೆಂಕಿ ಹಚ್ಚಿಸಿದ. ಬೆಂಕಿಯನ್ನು ಕಂಡ ಮೇಲೆ ಮಲಗಿದ್ದವರೆಲ್ಲ ಎದ್ದು ಓಡಿಬಂದರು. ಉರಿಯುವ ಹಲಗೆಗಳ ಮೇಲೆ ಹಾರಿದರು, ನೀರಿಗೆ ಧುಮುಕಿದರು. ಸ್ವಲ್ಪ ಹೊತ್ತಿನಲ್ಲೇ ಕಸಾಕರು ಬಂದರು.

ಎಬ್ಲೆಯ ನಿರ್ಣಯವನ್ನು ನಾವು ಹೇಗೆ ತೂಗಬೇಕು? ಸೈನಿಕ ದೃಷ್ಟಿಯಿಂದ ಅವನು ಒಂದೂವರೆ ಗಂಟೆ ತಡಮಾಡಿದ. ಮನುಷ್ಯದೃಷ್ಟಿಯಿಂದ ಅವನು ಒಂದೂವರೆ ಗಂಟೆ ಮಾತ್ರ ತಡೆದ. ಎರಡೂ ತಕ್ಕಡಿಗಳಲ್ಲಿ ಜೀವಗಳೇ ಇದ್ದವು. ಒಂದರಲ್ಲಿ ದಾಟಿದವರವು, ಇನ್ನೊಂದರಲ್ಲಿ ದಾಟದವರವು. ಇಂಥ ಕಡೆ ಸರಿಯಾದ ಗಳಿಗೆಯೆಂಬುದು ಇರುವುದಿಲ್ಲ. ಆಜ್ಞೆ ಪಾಲಿಸಿದೆನೆಂಬ ಸಮಾಧಾನವನ್ನೂ ಪಡೆಯದೆ, ಎಲ್ಲರನ್ನೂ ಉಳಿಸಿದೆನೆಂಬ ಕೀರ್ತಿಯನ್ನೂ ಪಡೆಯದೆ, ನಡುವೆ ನಿಂತು ಸಹಿಸುವುದಷ್ಟೇ ಮನುಷ್ಯನಿಗೆ ಸಾಧ್ಯ. ಎಬ್ಲೆ ಅದನ್ನು ಸಹಿಸಿದ.

ಇನ್ನೊಂದು ಪ್ರಶ್ನೆಯನ್ನೂ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಈ ಸೇತುವೆ ಯಾರಿಗಾಗಿ? ಪರರ ನಾಡಿಗೆ ನುಗ್ಗಿ ಅದನ್ನು ಹಾಳುಗೆಡವಿದ ಸೇನೆಗಾಗಿ. ಅದರ ತೊಲೆಗಳು ಯಾರವು? ಯುದ್ಧದೊಡನೆ ಯಾವ ಸಂಬಂಧವೂ ಇಲ್ಲದ ಸ್ಟುಡಿಯಾಂಕಾ ಹಳ್ಳಿಯವರವು. ನಡುಚಳಿಗಾಲದಲ್ಲಿ ಅವರ ಸೂರು ಹೋಯಿತು. ಆ ಸೇತುವೆಯಿಂದ ಪಾರಾದ ನೆಪೋಲಿಯನ್ ಮರುವರ್ಷ ಹೊಸ ಸೇನೆ ಕಟ್ಟಿದ. 1813ರ ಲೈಪ್‌ಜಿಗ್ ಕದನದಲ್ಲಿ ಮತ್ತಷ್ಟು ರಕ್ತ ಹರಿಯಿತು. ಎಬ್ಲೆಯನ್ನು ಮೆಚ್ಚುವಾಗ ಇದನ್ನು ಮರೆಯುವುದು ಸಲ್ಲದು. ಆದರೆ ನೀರಿನಲ್ಲಿ ನಿಂತವನು ಸಾಮ್ರಾಜ್ಯವನ್ನು ಕಾಣಲಿಲ್ಲ. ದಡದಲ್ಲಿ ಕಾದಿದ್ದ ಜೊತೆಗಾರರನ್ನು ಕಂಡ. ದಂಡಯಾತ್ರೆಯ ಪಾಪ ಅದನ್ನು ಸಾರಿದವನದು. ದಾಟಿಸಿದ ಪುಣ್ಯ ದಾಟಿಸಿದವರದು.

ಎಬ್ಲೆಯ ದೇಹ ಆ ಮೂರು ದಿನಗಳ ಸಾಲವನ್ನು ತೀರಿಸಲಾರದೆ ಹೋಯಿತು. ಡಿಸೆಂಬರ್ 5ರಂದು ನೆಪೋಲಿಯನ್ ಸೇನೆಯನ್ನು ಬಿಟ್ಟು ಪ್ಯಾರಿಸ್ಸಿಗೆ ಧಾವಿಸಿದ. ಉಳಿದವರು ಕುಂಟುತ್ತ ಪ್ರಷ್ಯದ ಕ್ಯೋನಿಗ್ಸ್‌ಬರ್ಗ್ ಪಟ್ಟಣವನ್ನು ಸೇರಿದರು. ಅಲ್ಲಿ ಡಿಸೆಂಬರ್ 21ರಂದು ಮಹಾಸೇನೆಯ ಫಿರಂಗಿಗಳ ಮುಖ್ಯಸ್ಥ ಲಾರಿಬೊಯಸಿಯೇರ್ ತೀರಿಕೊಂಡ. ಅದು ಎಬ್ಲೆಯ ಐವತ್ತನಾಲ್ಕನೆಯ ಹುಟ್ಟುಹಬ್ಬ. ಹತ್ತು ದಿನಗಳ ಮೇಲೆ, ಆ ಭಯಂಕರ ವರ್ಷದ ಕೊನೆಯ ದಿನ, ಎಬ್ಲೆಯೂ ಅದೇ ಊರಿನಲ್ಲಿ ಕಣ್ಮುಚ್ಚಿದ. ಸುದ್ದಿ ಇನ್ನೂ ತಲುಪದ ಪ್ಯಾರಿಸ್ಸಿನಲ್ಲಿ, 1813ರ ಜನವರಿ ಮೊದಲ ವಾರ, ಲಾರಿಬೊಯಸಿಯೇರನ ಸ್ಥಾನಕ್ಕೆ ಎಬ್ಲೆಯನ್ನು ನೇಮಿಸಿ ಚಕ್ರವರ್ತಿ ಸಹಿ ಹಾಕಿದ. ಹತ್ತೊಂಬತ್ತು ವರ್ಷ ಕಾದಿದ್ದ ಬಡ್ತಿ ಸತ್ತವನ ಹೆಸರಿಗೆ ಬಂತು. ಅವನ ಸೇತುಭಟರಲ್ಲಿ ನೀರಿಗಿಳಿದವರ ಪೈಕಿ ಊರು ಸೇರಿದವರು ಬೆರಳೆಣಿಕೆಯಷ್ಟು ಮಂದಿ.

ಸಾಹಿತ್ಯ ಈ ನದಿಯನ್ನು ಬಿಡಲಿಲ್ಲ. ಟಾಲ್‌ಸ್ಟಾಯ್ ತನ್ನ 'ಯುದ್ಧ ಮತ್ತು ಶಾಂತಿ'ಯಲ್ಲಿ ಬೆರೆಜಿನಾಕ್ಕೆ ಅಷ್ಟು ಮಹತ್ವವೇಕೆಂದು ಕೇಳುತ್ತಾನೆ. ಸೇನೆಯ ನಾಶ ಅದಕ್ಕೆ ಮೊದಲೇ ನಡೆಯುತ್ತಿತ್ತು, ಅನಂತರವೂ ನಡೆಯಿತು ಎಂಬುದು ಅವನ ಮತ. ದೂರದಿಂದ ನೋಡಿದರೆ ನಿಜವೇ. ಬಾಲ್ಜಾಕ್ ಹತ್ತಿರದಿಂದ ನೋಡಿದ. ಅವನ 'ವಿದಾಯ' ಎಂಬ ಕಥೆಯಲ್ಲಿ ಆ ದಡದ ರಾತ್ರಿ ಬರುತ್ತದೆ, ಎಬ್ಲೆಯೂ ಬರುತ್ತಾನೆ. 1833ರಲ್ಲಿ ಪ್ರಕಟವಾದ 'ಹಳ್ಳಿಯ ವೈದ್ಯ' ಕಾದಂಬರಿಯಲ್ಲಿ ಗೊಂದ್ರಾನ್ ಎಂಬ ಮುದುಕನಿದ್ದಾನೆ. ಬೆರೆಜಿನಾದ ಸೇತುಭಟರಲ್ಲಿ ಬದುಕಿ ಉಳಿದ ಕೊನೆಯವನು. ತನಗೆ ಸಲ್ಲಬೇಕಾದ ಸಣ್ಣ ವಿಶ್ರಾಂತಿವೇತನಕ್ಕಾಗಿ ಪ್ಯಾರಿಸ್ಸಿನ ಕಚೇರಿಗಳಿಗೆ ಅಲೆದು ಬರಿಗೈಯಲ್ಲಿ ಹಿಂದಿರುಗಿ, ಹಳ್ಳಿಯಲ್ಲಿ ಕೂಲಿಮಾಡಿ ಬದುಕುತ್ತಾನೆ. ಸಾಕ್ಷಿ ಹೇ­ಳಬೇಕಾದವರೆಲ್ಲ ಸತ್ತುಹೋಗಿದ್ದಾರಲ್ಲ! ಕಾಗದಪತ್ರ ಕೇಳುವ ಲೋಕಕ್ಕೆ ನದಿಯನ್ನು ಸಾಕ್ಷಿಯಾಗಿ ಕರೆತರುವುದು ಹೇಗೆ?

ಇಂದು ಬೆರೆಜಿನಾ ನದಿ ಬೆಲಾರುಸ್ ದೇಶದಲ್ಲಿ ಹರಿಯುತ್ತದೆ. ಫ್ರೆಂಚ್ ಭಾಷೆಯಲ್ಲಿ ಬೆರೆಜಿನಾ ಎಂಬುದು ಮಾತಾಗಿಬಿಟ್ಟಿದೆ. ಸಂಪೂರ್ಣ ಅನಾಹುತಕ್ಕೆ, ಎಲ್ಲ ಕೆಟ್ಟುಹೋದದ್ದಕ್ಕೆ ಅವರು ಬಳಸುವ ಮಾತು ಅದು. ಅಲ್ಲಿ ಸತ್ತವರನ್ನು ನೆನೆದರೆ ಆ ಅರ್ಥ ಸರಿಯೇ. ಆದರೆ ಅದೇ ಹೆಸರಿನೊಳಗೆ ಕೆಟ್ಟುಹೋಗದೆ ಉಳಿದ ಒಂದು ಸಂಗತಿಯೂ ಇದೆ. ಪ್ಯಾರಿಸ್ಸಿನ ವಿಜಯದ್ವಾರದ ಕಲ್ಲಿನ ಮೇಲೆ ನೂರಾರು ಸೇನಾನಿಗಳ ನಡುವೆ ಎಬ್ಲೆಯ ಹೆಸರೂ ಕೆತ್ತಿದೆ. ಆ ಪಟ್ಟಿಯ ಇತರರು ಕೋಟೆಗಳನ್ನು ಗೆದ್ದವರು, ಶತ್ರುಗಳನ್ನು ಕೆಡವಿದವರು. ಇವನ ಸಾಧನೆ ಬೇರೆ ಬಗೆಯದು. ಎಲ್ಲರೂ ಎಲ್ಲವನ್ನೂ ಎಸೆಯುತ್ತಿದ್ದ ದಾರಿಯಲ್ಲಿ ಅವನು ಆರು ಗಾಡಿ ಕಬ್ಬಿಣವನ್ನೂ ಎರಡು ಗಾಡಿ ಇದ್ದಿಲನ್ನೂ ಎಸೆಯಲಿಲ್ಲ.